ಏಳು ಅಂತಸ್ತಿನ ಹಡಗು

ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಒಬ್ಬ ಅಧ್ಯಕ್ಷರು ಬೇಕೆಂದು ಯಾರೂ ಯಾವತ್ತೂ ಹಂಬಲಿಸಿರಲಿಲ್ಲ. ಆದರೆ ಟ್ಯಾಂಕು ಸೋರಿದಾಗ ಬೈಯಲು ಯಾರಾದರೂ ಬೇಕಲ್ಲ. ಹಾಗಾಗಿ ಮೂರನೇ ಮಹಡಿಯ ಪರದೆ ಅಂಗಡಿಯವರನ್ನು ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದೆವು. ಕೂತವರು ಎದ್ದಿಲ್ಲ. ಎಬ್ಬಿಸಿದರೆ ತಾವು ಕೂರಬೇಕಾದೀತೆಂಬ ಭಯದಿಂದ ಉಳಿದವರು ಎಬ್ಬಿಸಿಲ್ಲ. ಈಗ ಅವರ ಹೆಂಡತಿಯೂ ಹಾಲಿನವನ ಎದುರು ಅವರನ್ನು ಅಧ್ಯಕ್ಷರು ಎಂದೇ ಕರೆಯುತ್ತಾರೆ. ಆ ದನಿಯಲ್ಲಿ ಗೌರವ ಎಷ್ಟು, ಬೇರೆಯದು ಎಷ್ಟು ಎಂದು ಅಳೆಯುವುದು ನೆರೆಮನೆಯವನಾದ ನನ್ನ ಕೆಲಸವಲ್ಲ.

ಮನುಷ್ಯ ಒಳ್ಳೆಯವರು. ಒಂದೇ ತೊಂದರೆ, ಸೀದಾ ಮಾತು ಬಾಯಿಗೆ ಬರುವುದಿಲ್ಲ. ಲಿಫ್ಟು ಕೆಟ್ಟರೆ 'ಊರ್ಧ್ವ ಸಂಚಾರಕ್ಕೆ ತಾತ್ಕಾಲಿಕ ವಿಘ್ನ' ಎಂದು ಬೋರ್ಡು ಹಾಕಿಸುತ್ತಾರೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಲಿಫ್ಟು ರಿಪೇರಿಯಾಗಿರುತ್ತದೆ. ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ಮಾತು ಚುಕ್ಕಾಣಿ. ಸಂಘದ ಚುಕ್ಕಾಣಿ, ಕಟ್ಟಡದ ಚುಕ್ಕಾಣಿ, ಒಮ್ಮೆ ಮೆಟ್ಟಿಲು ಗುಡಿಸುವ ಕಾರ್ಯದ ಚುಕ್ಕಾಣಿಯನ್ನೂ ಹಿಡಿದಿದ್ದರು. ಹಿಡಿದೆನೆಂದು ಹೇಳುತ್ತಿದ್ದರೇ ಹೊರತು ಅದು ಉದ್ದಗಿರುತ್ತದೋ ದುಂಡಗಿರುತ್ತದೋ ಎಂದು ಕಣ್ಣಾರೆ ಕಂಡವರಲ್ಲ. ನಾನೂ ಕಂಡಿಲ್ಲ. ಆದರೆ ನಾನು ಭಾಷಣ ಮಾಡುವುದಿಲ್ಲ.

ಅವರ ಮಗಳು ಆಸ್ಪತ್ರೆಯೊಂದರ ರಕ್ತಪರೀಕ್ಷೆ ವಿಭಾಗದಲ್ಲಿದ್ದಾಳೆ. ಪಕ್ಕದ ಮೇಜಿನ ಹುಡುಗನನ್ನು ಮೆಚ್ಚಿಕೊಂಡಳು. ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಹುಡುಗನಿಗೆ ತಾಯಿಯಿಲ್ಲ. ತಂದೆ ಸರಕು ಹಡಗುಗಳ ಕಪ್ತಾನರಾಗಿದ್ದು ನಿವೃತ್ತರಾದವರು. ಅವರು ಮೊದಲ ಬಾರಿ ಮನೆಗೆ ಬಂದಾಗ ಎಲ್ಲರಿಗೂ ಕೈಮುಗಿದು, ಮೂಲೆಯಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ ಇಸ್ತ್ರಿ ಮೇಜಿಗೂ ಕೈಮುಗಿದರು. ದೊಡ್ಡವರ ವಿನಯ ಎಂದು ಮನೆಯವರು ಸಂತೋಷಪಟ್ಟರು.

ಹುಡುಗ ಹುಡುಗಿ ಬಾಲ್ಕನಿಗೆ ಹೋದರು, ಹೆಂಡತಿ ಕಾಫಿಗೆಂದು ಒಳಗೆ ಹೋದರು. ಬೀಗರಿಬ್ಬರೇ ಉಳಿದರು. ಅನಾಹುತಕ್ಕೆ ಅಷ್ಟು ಏಕಾಂತ ಸಾಕು.

"ತಾವು ಏನು ಮಾಡ್ಕೊಂಡಿದ್ದೀರಿ?" ಎಂದು ಕಪ್ತಾನರು ಕೇಳಿದರು.

ಪರದೆ ಅಂಗಡಿ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಡಗು ನಡೆಸಿದವರ ಎದುರು ಪರದೆ ಎನ್ನಲು ಅಧ್ಯಕ್ಷರಿಗೆ ನಾಲಗೆ ಬರಲಿಲ್ಲ. "ಹದಿನೈದು ವರ್ಷದಿಂದ ಚುಕ್ಕಾಣಿ ನನ್ನ ಕೈಯಲ್ಲೇ ಇದೆ" ಎಂದರು.

ಕಪ್ತಾನರು ನೆಟ್ಟಗೆ ಕೂತರು. "ಹೌದಾ? ದೊಡ್ಡದಾ?"

"ಏಳು ಅಂತಸ್ತು."

"ಜನ ಎಷ್ಟು?"

"ಹೆಂಗಸರು ಮಕ್ಕಳು ಸೇರಿ ಇನ್ನೂರಕ್ಕೆ ಮೇಲೆ."

"ನೀರು ಒಳಗೆ ನುಗ್ಗಿದ್ದಿದೆಯಾ?"

"ಪ್ರತಿ ಮಳೆಗಾಲ. ಕೆಳಗಡೆ ಪೂರ್ತಿ ತುಂಬಿಬಿಡುತ್ತೆ. ರಾತ್ರಿಯೆಲ್ಲ ನಿಂತು ಪಂಪು ಹಾಕಿಸಿ ಖಾಲಿ ಮಾಡಿಸ್ತೀನಿ."

"ಜನ ಗಾಬರಿ ಬೀಳಲ್ವಾ?"

"ಗಾಬರಿ ಎಲ್ಲಿ ಬಂತು. ಕೂತಲ್ಲೇ ಬೈತಾರೆ. ನನಗಿಂತ ಹಿಂದಿನವರು ತಡೀಲಾರದೆ ಮಧ್ಯದಲ್ಲೇ ಬಿಟ್ಟು ಹೋದರು. ನಾನು ಮಾತ್ರ ಬಿಡಲಿಲ್ಲ."

ನಡುನೀರಿನಲ್ಲಿ ಇನ್ನೂರು ಜನರನ್ನು ಬಿಟ್ಟು ಹೋದ ಆ ಹಿಂದಿನವರನ್ನು ನೆನೆದು ಕಪ್ತಾನರ ಮುಖ ಬಿಗಿಯಿತು. ಎದ್ದು ಬಂದು ಅಧ್ಯಕ್ಷರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನ್ನ ಹತ್ರ ಒಂದು ಸಣ್ಣ ಹಾಯಿದೋಣಿ ಇದೆ. ಒಬ್ಬನೇ ಹೋಗಬೇಡ, ಗೊತ್ತಿರೋರು ಜೊತೆಗಿಲ್ಲದಿದ್ರೆ ಮಾರಿಬಿಡ್ತೀನಿ ಅಂತ ಮಗ ಹಟ ಹಿಡಿದಿದ್ದಾನೆ. ಈ ತಿಂಗಳೇ ಮಾರ್ತಾನಂತೆ. ಭಾನುವಾರ ಬರ್ತೀರಾ? ಪಕ್ಕದ ಊರಿನ ಬಂದರಿನವರೆಗೆ ಹೋಗೋಣ. ಬೆಳಿಗ್ಗೆ ಬಿಟ್ರೆ ಸಂಜೆಗೆ ಮುಟ್ತೀವಿ."

ಆಗ ಅಧ್ಯಕ್ಷರಿಗೆ ವಿಷಯ ಹೊಳೆಯಿತು. ಬಾಯಿ ತೆರೆದರು. ಅಷ್ಟರಲ್ಲಿ ಬಾಲ್ಕನಿಯಿಂದ ಬಂದ ಮಗಳು ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡು, "ಅಪ್ಪ, ನೀನು ಹಡಗಿನಲ್ಲಿದ್ಯಾ? ನನಗೆ ಒಂದು ದಿನಾನೂ ಹೇಳೇ ಇಲ್ಲ" ಎಂದಳು. ಹುಟ್ಟಿದಂದಿನಿಂದ ಅವಳು ಅಪ್ಪನನ್ನು ಅಷ್ಟು ಮೆಚ್ಚಿಗೆಯಿಂದ ನೋಡಿದ್ದು ಅದೇ ಮೊದಲು. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

"ಎಲ್ಲವನ್ನೂ ಹೇಳಿಕೊಂಡು ತಿರುಗೋ ಅಭ್ಯಾಸ ನನಗಿಲ್ಲಮ್ಮ."

ಬೀಗರು ಹೋದಮೇಲೆ ಹೆಂಡತಿ ಕಾಫಿ ಲೋಟಗಳನ್ನು ಎತ್ತುತ್ತ ಶಾಂತವಾಗಿ ಕೇಳಿದರು. "ಲಿಫ್ಟಿನಲ್ಲಿ ಹೋದರೆ ನಿಮಗೆ ತಲೆ ಸುತ್ತುತ್ತೆ. ಸಮುದ್ರದಲ್ಲಿ ಏನು ಮಾಡ್ತೀರಿ?"

"ಸೂಕ್ತ ಸಮಯ ನೋಡಿ ಸತ್ಯಾಂಶ ತಿಳಿಸ್ತೀನಿ."

"ಈಗಲೇ ಫೋನ್ ಮಾಡಿ ತಿಳಿಸಿ."

"ಫೋನಿನಲ್ಲಿ ಹೇಳುವಂಥ ವಿಷಯ ಅಲ್ಲ ಅದು."

ಕಟ್ಟಡಕ್ಕೆ ಸುದ್ದಿ ಹರಡಲು ಸಂಜೆಯಾಗಬೇಕಾಗಲಿಲ್ಲ. ಸಂಘದ ಕಾರ್ಯದರ್ಶಿ ನೆಲಮಹಡಿಯಿಂದ ಹತ್ತಿ ಬಂದು, ಸಮುದ್ರದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಪಂಪಿನ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ವಿಚಾರಿಸಿಕೊಂಡು ಹೋದರು. ಐದನೇ ಮಹಡಿಯ ಅಜ್ಜಿ ವಾಂತಿಗೆ ಒಳ್ಳೆಯದೆಂದು ನಿಂಬೆಹಣ್ಣು ಕಳಿಸಿದರು. ನಮ್ಮಲ್ಲಿ ಯಾರೊಬ್ಬರೂ ಅವರನ್ನು ತಡೆಯಲಿಲ್ಲ. ಅಧ್ಯಕ್ಷರೊಬ್ಬರು ತಮ್ಮ ಮಾತನ್ನು ನಿಜವಾಗಿ ನಡೆಸಿ ತೋರಿಸುವುದನ್ನು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಭಾನುವಾರ ಬಂದರಿನ ಕಚೇರಿಯಲ್ಲಿ ಸತ್ಯಾಂಶ ತಿಳಿಸಬೇಕೆಂದು ಅವರು ನಿಶ್ಚಯಿಸಿಕೊಂಡು ಹೋಗಿದ್ದರು. ಕಿಟಕಿಯ ಹಿಂದಿದ್ದ ಗುಮಾಸ್ತ, "ಜೊತೆಗೆ ಯಾರು?" ಎಂದ. "ಏಳು ಅಂತಸ್ತಿನ ಹಡಗು ನಡೆಸಿದವರು" ಎಂದರು ಕಪ್ತಾನರು. ಗುಮಾಸ್ತ ಎದ್ದು ನಿಂತ. ಟ್ಯಾಂಕಿನ ಪರವಾನಗಿಗೆಂದು ಎಷ್ಟೋ ಕಚೇರಿಗಳ ಎಷ್ಟೋ ಕಿಟಕಿಗಳ ಮುಂದೆ ನಿಂತವರು ಅಧ್ಯಕ್ಷರು. ಅವರಿಗಾಗಿ ಒಬ್ಬ ಗುಮಾಸ್ತ ಕುರ್ಚಿ ಬಿಟ್ಟು ಏಳುವುದೆಂದರೇನು ಎಂಬುದು ಹಾಗೆ ನಿಂತವರಿಗೆ ಮಾತ್ರ ಗೊತ್ತು. ಆ ಹೊತ್ತಿನಲ್ಲಿ ಸತ್ಯಾಂಶ ತಿಳಿಸಲು ಅವರಿಗೆ ಮನಸ್ಸಾಗಲಿಲ್ಲ.

ಆಮೇಲೆ ನೀರಿನ ಮೇಲೆ ನಡೆದದ್ದನ್ನು ಅಧ್ಯಕ್ಷರು ನಮಗೆ ಹಲವು ಬಗೆಯಲ್ಲಿ ಹೇಳಿದ್ದಾರೆ, ಕಪ್ತಾನರು ಒಂದೇ ಬಗೆಯಲ್ಲಿ. ನಾನು ಕಪ್ತಾನರ ಮಾತನ್ನು ನಂಬಿ ಬರೆಯುತ್ತಿದ್ದೇನೆ.

ದೋಣಿ ನಮ್ಮ ಸಂಘದ ಕಚೇರಿಗಿಂತ ಸ್ವಲ್ಪ ಉದ್ದವಿತ್ತು, ಅಷ್ಟೇ. ನಡುವೆ ಒಂದು ಕಂಬ, ಅದಕ್ಕೆ ಸುತ್ತಿದ ಹಾಯಿ, ಹಿಂದೆ ಇಬ್ಬರು ಕೂರುವಷ್ಟು ಜಾಗ. ಅಧ್ಯಕ್ಷರು ಸಿನಿಮಾದಲ್ಲಿ ಕಂಡಂಥ ದುಂಡನೆಯ ಚಕ್ರವನ್ನು ಕಣ್ಣಿನಲ್ಲೇ ಹುಡುಕಿದರು. ಎಲ್ಲೂ ಇಲ್ಲ. ಹಿಂದುಗಡೆ ಒಂದು ಉದ್ದನೆಯ ಮರದ ಕೋಲು ಚಾಚಿಕೊಂಡಿತ್ತು. ಒಳ್ಳೆಯದಾಯಿತೆಂದು ತಮ್ಮ ಬುತ್ತಿಯ ಚೀಲವನ್ನು ಅದಕ್ಕೆ ನೇತುಹಾಕಿದರು.

"ಚುಕ್ಕಾಣಿ ನೀವೇ ಹಿಡೀರಿ, ಹಾಯಿ ನಾನು ನೋಡ್ಕೋತೀನಿ" ಎಂದ ಕಪ್ತಾನರು ತಡವರಿಸಿ ಚೀಲವನ್ನು ತೆಗೆದು ಕೆಳಗಿಟ್ಟು, ಕೋಲಿನ ತುದಿಯನ್ನು ಅವರ ಕೈಗೆ ಕೊಟ್ಟರು. ಹದಿನೈದು ವರ್ಷ ಭಾಷಣದಲ್ಲಿ ಹಿಡಿದಿದ್ದ ವಸ್ತು ಕೊನೆಗೂ ಅವರ ಕೈಗೆ ಬಂತು.  

"ಬೀಗರೇ," ಎಂದು ಶುರು ಮಾಡಿದರು, "ತಮ್ಮ ಗಮನಕ್ಕೆ ಒಂದು ವಿಷಯ ತರಬೇಕಾಗಿದೆ. ವಾಸ್ತವವಾಗಿ ನಾನು ಈ ಸ್ಥಾನಕ್ಕೆ ಅರ್ಹನಲ್ಲ."

"ಗೊತ್ತಿರೋರೆಲ್ಲ ಹೀಗೇ ಹೇಳೋದು. ಬಿಡಿ, ಹೊರಡೋಣ."

ಪ್ರತಿ ವರ್ಷದ ಸಭೆಯಲ್ಲೂ ಇದೇ ಮಾತಿನಿಂದ ಅವರು ಭಾಷಣ ಆರಂಭಿಸುತ್ತಿದ್ದರು, ನಾವೂ ಚಪ್ಪಾಳೆ ತಟ್ಟುತ್ತಿದ್ದೆವು. ಸುಮ್ಮಸುಮ್ಮನೆ ಬಳಸಿ ಸವೆಸಿದ ಮಾತು ನಿಜವಾಗಿ ಬೇಕಾದಾಗ ಕೆಲಸಕ್ಕೆ ಬರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ಅಧ್ಯಕ್ಷರಿಗೆ ಗಾಬರಿಯಾದರೆ ಎಡ ಬಲ ತಪ್ಪಿಹೋಗುತ್ತದೆ. ಗಡಿಯಾರ ಕಟ್ಟಿದ ಕೈ ಎಡ ಎಂದು ಗುರುತಿಟ್ಟುಕೊಂಡಿದ್ದಾರೆ. ಆದರೆ ಉಪ್ಪುನೀರು ತಾಗೀತೆಂದು ಆ ದಿನ ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಇನ್ನು ಆ ಕೋಲಿನ ಸ್ವಭಾವವೋ, ಅದನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಕಪ್ತಾನರು "ಬಲಕ್ಕೆ" ಎಂದರು. ಅಧ್ಯಕ್ಷರು ಗಾಬರಿಯಲ್ಲಿ ಎಡಕ್ಕೆ ತಳ್ಳಿದರು. ದೋಣಿ ಸೊಗಸಾಗಿ ಬಲಕ್ಕೆ ತಿರುಗಿತು. "ಎಡಕ್ಕೆ" ಎಂದರು. ಬಲಕ್ಕೆ ತಳ್ಳಿದರು. ಎಡಕ್ಕೆ ತಿರುಗಿತು. ಎರಡು ತಪ್ಪುಗಳು ಕೈಕೈ ಹಿಡಿದುಕೊಂಡು ಅವರನ್ನು ಬಂದರಿನಿಂದ ಹೊರಗೆ ಕರೆದುಕೊಂಡು ಹೋದವು. ದಡದಲ್ಲಿ ನಿಂತಿದ್ದ ಕಪ್ತಾನರ ಮಗ ಕೈ ಬೀಸಿ, ಹೆಂಗಸರನ್ನು ಕರೆದುಕೊಂಡು ಕಾರಿನಲ್ಲಿ ಪಕ್ಕದ ಊರಿಗೆ ಹೊರಟ.

ಹಾಯಿ ಏರಿತು. ಗಾಳಿ ತುಂಬಿಕೊಂಡಾಗ ಬಟ್ಟೆ ಉಬ್ಬಿ ಬಿಗಿಯಿತು. ಅಧ್ಯಕ್ಷರು ಅಭ್ಯಾಸಬಲದಿಂದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. "ಒಳ್ಳೇ ಮಾಲು. ಒಗೆದರೆ ಕುಗ್ಗಲ್ಲ."

ಕಪ್ತಾನರು ಗಟ್ಟಿಯಾಗಿ ನಕ್ಕರು.  ದಡ ಒಂದು ಕಡೆ ತನ್ನ ಪಾಡಿಗೆ ಹಿಂದೆ ಸರಿಯುತ್ತಿತ್ತು. ಅಧ್ಯಕ್ಷರು ಒಂದು ಕೈಯಲ್ಲಿ ಅಜ್ಜಿಯ ನಿಂಬೆಹಣ್ಣು ಹಿಡಿದು ಮೂಸುತ್ತ ಅದನ್ನೇ ನೋಡುತ್ತ ಕೂತರು. ತಾನು ಮಾತಾಡದಿದ್ದರೂ ಲೋಕ ನಡೆಯುತ್ತದೆ ಎಂಬುದು ಅವರಿಗೆ ಬಹುಶಃ ಅಂದೇ ಗೊತ್ತಾದದ್ದು. ಅದರಿಂದ ಬೇಸರವೂ ಆಗಲಿಲ್ಲವಂತೆ.

"ಮನೇಲಿ ನಾನು ನೀರು ಕುಡಿಯೋಕೆ ಎದ್ರೂ ಮಗ ಓಡಿ ಬರ್ತಾನೆ," ಎಂದರು ಕಪ್ತಾನರು. "ಅವನ ತಪ್ಪಲ್ಲ, ಪ್ರೀತಿಗೇ ಬರೋದು. ಆದ್ರೆ ಎಡವುತ್ತೀನೇನೋ ಅಂತ ಯಾವಾಗಲೂ ನೋಡ್ತಾ ಇದ್ರೆ ಮನುಷ್ಯ ಎಡವಿಯೇ ತೀರ್ತಾನೆ. ಇಲ್ಲಿ ನಾನು ಯಾರಿಗೂ ಭಾರ ಅಲ್ಲ. ಇದನ್ನ ಮಾರಿಬಿಟ್ರೆ ನಾನು ಕೂರೋಕೆ ಉಳಿಯೋದು ಸೋಫಾ ಒಂದೇ."

  ಅಧ್ಯಕ್ಷರು ಬುತ್ತಿ ಬಿಚ್ಚಿ ಒಂದು ತುಂಡು ಬ್ರೆಡ್ಡು ಕೊಟ್ಟರು.

ಬಿಸಿಲೇರಿತು, ಗಾಬರಿ ಇಳಿಯಿತು. ಅಧ್ಯಕ್ಷರಿಗೆ ಊಟ ಮಾಡುವ ಕೈಯೇ ಬಲಗೈ ಎಂಬುದು ನೆನಪಾಗಿ, ಎಡ ಬಲ ಎರಡೂ ಸರಿಯಾಗಿ ತಮ್ಮ ತಮ್ಮ ಜಾಗಕ್ಕೆ ಬಂದವು. ಅನಾಹುತ ಆದದ್ದು ಅದರಿಂದಲೇ.

"ಈ ಕಡೆ ಬಲೆ ಹಾಕಿರ್ತಾರೆ. ನೋಡ್ಕೊಂಡು ಬಲಕ್ಕೆ ಹೋಗಿ" ಎಂದರು ಕಪ್ತಾನರು.

ಬಲೆಯ ತೇಲುಗುಂಡುಗಳು ಕಂಡವು. ಅಧ್ಯಕ್ಷರು ದೃಢವಾಗಿ, ತಿಳಿದು, ಜೀವನದಲ್ಲಿ ಮೊದಲ ಸಲ ತಪ್ಪಿಲ್ಲದೆ, ಕೋಲನ್ನು ಬಲಕ್ಕೆ ತಳ್ಳಿದರು. ದೋಣಿ ನೇರ ಬಲೆಯತ್ತ ತಿರುಗಿತು. ಸಾಲದಾಯಿತೇನೋ ಎಂದು ಇನ್ನೂ ಬಲಕ್ಕೆ ತಳ್ಳಿದರು. ಎದುರಿನ ಮೀನುದೋಣಿಯಲ್ಲಿದ್ದವರು ಎದ್ದು ನಿಂತು ಕೂಗತೊಡಗಿದರು.

"ಏನದು ಸದ್ದು?" ಎಂದರು ಕಪ್ತಾನರು.

"ಯಾರೋ ಕರೀತಿದ್ದಾರೆ."

"ಎಷ್ಟು ದೂರದಲ್ಲಿದ್ದಾರೆ?"

"ಒಬ್ಬರ ಬಾಯಲ್ಲಿರೋ ಚಿನ್ನದ ಹಲ್ಲು ಕಾಣ್ತಿದೆ."

ಕಪ್ತಾನರು ಹಾಯಿಯ ಹಗ್ಗ ಬಿಟ್ಟು, ನೆಗೆದು ಬಂದು ಕೋಲನ್ನು ಕಿತ್ತುಕೊಂಡರು. ಅಷ್ಟರಲ್ಲಿ ದೋಣಿ ಬಲೆಯೊಳಗೆ ಹೋಗಿ ಮೆಲ್ಲಗೆ ನಿಂತಿತು. ಚಿನ್ನದ ಹಲ್ಲಿನ ಮುದುಕ ಸೊಂಟದ ಮೇಲೆ ಕೈಯಿಟ್ಟು ಮೊದಲು ಕಪ್ತಾನರನ್ನು ನೋಡಿದ.

"ಕಣ್ಣು ಕಾಣಲ್ವೇನ್ರಿ ನಿಮಗೆ?"

ಆಮೇಲೆ ಅಧ್ಯಕ್ಷರ ಕಡೆ ತಿರುಗಿದ. "ದೋಣಿ ನಡೆಸೋಕೆ ಬರಲ್ವೇನ್ರಿ ನಿಮಗೆ?"

ಇವು ಬೈಗುಳಗಳು. ಬೀದಿಯಲ್ಲಿ ದಿನಕ್ಕೆ ಹತ್ತು ಸಲ ಬೀಳುತ್ತವೆ, ಯಾರೂ ಉತ್ತರ ಕೊಡುವುದಿಲ್ಲ. ಆದರೆ ಅಂದು ಒಬ್ಬೊಬ್ಬರಿಗೆ ಒಂದೊಂದರಂತೆ ಸರಿಯಾಗಿ ಹಂಚಿಕೆಯಾಗಿ ಬಿದ್ದವು.

"ಕಾಣಲ್ಲಪ್ಪ" ಎಂದರು ಕಪ್ತಾನರು.

"ಬರಲ್ಲ" ಎಂದರು ಅಧ್ಯಕ್ಷರು.

ಜೀವಮಾನವೆಲ್ಲ ಬೈದಿದ್ದ ಮುದುಕನಿಗೆ ಉತ್ತರ ಸಿಕ್ಕಿದ್ದು ಅದೇ ಮೊದಲಿರಬೇಕು.  ಬಗ್ಗಿ, ಬಲೆ ಹರಿಯದಂತೆ ಬಿಡಿಸಿ, ದೋಣಿಯನ್ನು ಕೈಯಿಂದ ದೂರ ತಳ್ಳಿ, "ನೋಡ್ಕೊಂಡು ಹೋಗಿ" ಎಂದ. ಎಂದವನು ತನ್ನ ಮಾತಿಗೆ ತಾನೇ ನಾಚಿದ.

ಬೀಗರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಅಂದರೆ ಅಧ್ಯಕ್ಷರು ನೋಡಿದರು.

"ಎಷ್ಟು ಕಾಣುತ್ತೆ?" ಎಂದು ಕೇಳಿದರು.

"ನೀವು ಒಂದು ನೆರಳು. ಬಿಳಿ ಅಂಗಿ ಹಾಕಿದ್ದೀರಿ. ಅಷ್ಟು. ನಮ್ಮ ಬಂದರು ಬಾಯಿಪಾಠ, ಅದಕ್ಕೇ ಹೊರಗೆ ಬಂದೆ. ಗಾಳಿ ಕಿವಿಗೆ ಗೊತ್ತಾಗುತ್ತೆ, ಅಲೆ ಕಾಲಿಗೆ ಗೊತ್ತಾಗುತ್ತೆ. ದಡ ಸೇರೋಕೆ ಮಾತ್ರ ಕಣ್ಣು ಬೇಕು. ಅದಕ್ಕೇ ನಿಮ್ಮನ್ನ ಕರೆದದ್ದು." ಆಮೇಲೆ ಕೇಳಿದರು. "ಆ ಏಳು ಅಂತಸ್ತು?"

"ನಮ್ಮ ಕಟ್ಟಡ. ನಾನು ಅದರ ಸಂಘದ ಅಧ್ಯಕ್ಷ. ಅಂಗಡಿ ಪರದೆಯದು."

ಕಪ್ತಾನರು ಸಿಟ್ಟಾಗುತ್ತಾರೆಂದು ಅಧ್ಯಕ್ಷರು ಅಂದುಕೊಂಡಿದ್ದರು. ಆಗಲಿಲ್ಲ. "ಮಳೆಗಾಲದಲ್ಲಿ ಪಂಪು ಹಾಕಿಸಿದ್ದು?"

"ಅದು ನಿಜ."

"ಹಾಗಿದ್ರೆ ಪರವಾಗಿಲ್ಲ," ಎಂದರು ಕಪ್ತಾನರು. "ಈಗ ಒಂದು ಮಾತು. ನನ್ನದು ನೀವು ಯಾರಿಗೂ ಹೇಳಬೇಡಿ, ನಿಮ್ಮದು ನಾನು ಹೇಳಲ್ಲ."

ಕೈ ಕೈ ಹಿಡಿದು ಒಪ್ಪಿಕೊಂಡರು. ಇಬ್ಬರಲ್ಲಿ ಒಬ್ಬರು ಕೈ ಹುಡುಕಬೇಕಾಯಿತು.

ಇಳಿಹೊತ್ತಿಗೆ ಪಕ್ಕದ ಊರಿನ ಬಂದರು ಹತ್ತಿರವಾಯಿತು. ಕಪ್ತಾನರು ಹಾಯಿ ಇಳಿಸಿ ಸಣ್ಣ ಎಂಜಿನ್ನು ಹಾಕಿ ಚುಕ್ಕಾಣಿಯನ್ನು ತಾವೇ ಹಿಡಿದರು. "ಈಗ ಕಂಡದ್ದು ಹೇಳ್ತಾ ಹೋಗಿ."

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. "ಅನಂತ ಜಲರಾಶಿಯ ಅಂಚಿನಲ್ಲಿ, ಸಂಧ್ಯೆಯ ಹೊಂಬೆಳಕಿನಲ್ಲಿ ಮಿಂದು..."

"ಕಲ್ಲು ಎಲ್ಲಿದೆ ಹೇಳಿ."

"ಮುಂದೆ."

"ಮುಂದೆ ಅಂದ್ರೆ?"

"ನೇರ ಮುಂದೆ. ಹತ್ತಿರ."

ದೋಣಿ ಸರಕ್ಕನೆ ತಿರುಗಿತು. ಆಮೇಲೆ ಅಧ್ಯಕ್ಷರ ಬಾಯಿಂದ ಒಂದೂ ಅಲಂಕಾರ ಹೊರಡಲಿಲ್ಲ. ಎಡ ಬಲ ನಂಬುವಂತಿಲ್ಲವೆಂದು ಹೇಳಿ, ಕಪ್ತಾನರ ಭುಜದ ಮೇಲೆ ಕೈಯಿಟ್ಟು ಆ ಕಡೆ ಈ ಕಡೆ ಒತ್ತುತ್ತ ಹೇಳಿದರು. "ಕೆಂಪು ಕಂಬ. ಈ ಕಡೆ. ಹಸಿರು, ಆ ಕಡೆ. ನಡುವೆ ಜಾಗ ಇದೆ. ಒಂದು ಹಳೇ ದೋಣಿ, ಖಾಲಿ. ನಿಧಾನ. ಕಟ್ಟೆ ಬಂತು. ನಮ್ಮವರು ಮೂರು ಜನ ನಿಂತಿದ್ದಾರೆ. ನಿಮ್ಮ ಮಗ ಕೈ ಬೀಸ್ತಿದ್ದಾನೆ, ನೀವೂ ಬೀಸಿ. ಅಲ್ಲಲ್ಲ, ಈ ಕಡೆ."

ದೋಣಿ ಕಟ್ಟೆಗೆ ತಾಗಿದ್ದು ಕೂಡ ಗೊತ್ತಾಗಲಿಲ್ಲವೆಂದು ಮಗಳು ಇವತ್ತಿಗೂ ಹೇಳುತ್ತಾಳೆ.

ಮಗ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದ. ಅವನ ಕಣ್ಣು ಒದ್ದೆಯಾಗಿತ್ತು. "ಮಾವ, ಬೆಳಿಗ್ಗೆಯಿಂದ ಉಸಿರು ಬಿಗಿ ಹಿಡ್ಕೊಂಡಿದ್ದೆ. ಇನ್ನು ಭಯ ಇಲ್ಲ. ನಿಮ್ಮನ್ನ ನಂಬಿ ಅಪ್ಪನ್ನ ಪ್ರತಿ ಭಾನುವಾರ ಕಳಿಸ್ತೀನಿ."

ಬೇರೆ ಯಾವ ಮಾತಾಗಿದ್ದರೂ ಅಧ್ಯಕ್ಷರು ತಲೆಯಾಡಿಸಿಬಿಡುತ್ತಿದ್ದರು. ನಂಬಿ ಎಂಬುದನ್ನು ನುಂಗಲು ಆಗಲಿಲ್ಲ. ಇವನು ತನ್ನ ತಂದೆಯ ಜೀವವನ್ನೇ ತಮ್ಮ ಕೈಗಿಡುತ್ತಿದ್ದಾನೆ. ಒಪ್ಪಂದದ ಪ್ರಕಾರ ಬೀಗರ ಕಣ್ಣಿನ ವಿಷಯ ಎತ್ತುವಂತಿಲ್ಲ. ತಮ್ಮದನ್ನು ಎತ್ತಬಹುದಲ್ಲ.

"ನಂಬಬೇಡಪ್ಪ. ನನಗೆ ಏನೂ ಬರಲ್ಲ. ನಾನು ಪರದೆ ಮಾರೋನು. ಹಡಗು ಹತ್ತಿದವನೇ ಅಲ್ಲ. ಎಲ್ಲ ನಿಮ್ಮ ತಂದೆಯೇ ನಡೆಸಿದ್ದು."

ಅದೇ ಹೊತ್ತಿಗೆ ಕಟ್ಟೆಯ ಇನ್ನೊಂದು ತುದಿಯಲ್ಲಿ ಅಧ್ಯಕ್ಷರ ಹೆಂಡತಿ ಇನ್ನು ತಡೆಯಲಾರದೆ, "ಅಣ್ಣ, ನಮ್ಮ ಮನೆಯವರ ಬಗ್ಗೆ ಒಂದು ನಿಜ ಹೇಳಬೇಕು" ಎಂದು ಶುರು ಮಾಡಿದ್ದರು. ಜೊತೆಗಿದ್ದ ಮಗಳ ಎದುರು ಬೀಗರ ಮಾನ ಹೋಗಬಾರದೆಂದು ಕಪ್ತಾನರು ಮಾತನ್ನು ಅಲ್ಲೇ ತಡೆದರು. "ನಿಜ ಹೇಳಬೇಕಾದವನು ನಾನಮ್ಮ. ನನಗೆ ಕಣ್ಣು ಕಾಣಲ್ಲ. ಇವತ್ತು ದಡ ಸೇರಿದ್ದು ನಿಮ್ಮವರಿಂದಲೇ."

ಒಪ್ಪಂದವನ್ನು ಇಬ್ಬರೂ ಅಕ್ಷರಶಃ ಪಾಲಿಸಿದ್ದರು. ಎರಡು ಗುಂಪುಗಳೂ ನಡುವೆ ಬಂದು ಸೇರಿದವು.

"ಇವರಿಗೆ ಏನೂ ಬರಲ್ಲವಂತೆ" ಎಂದ ಮಗ.

"ಅವರಿಗೆ ಏನೂ ಕಾಣಲ್ಲವಂತೆ" ಎಂದರು ಹೆಂಡತಿ.

"ಹಾಗಾದ್ರೆ ದೋಣಿ ನಡೆಸಿದ್ದು ಯಾರು?" ಎಂದಳು ಮಗಳು.

 ಮಗನ ಮುಖದಲ್ಲಿ ರಕ್ತವಿರಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಭಯವಾಗಿತ್ತು. "ಅಪ್ಪ, ಯಾವಾಗಿಂದ?" ಎಂದಷ್ಟೇ ಕೇಳಿದ.

"ನಿಮ್ಮಮ್ಮ ತೀರಿಕೊಂಡ ವರ್ಷದಿಂದ," ಎಂದರು ಕಪ್ತಾನರು. ಆಮೇಲೆ ಅವರೇ ಹೇಳಿದರು, "ಮಾರಿಬಿಡು. ನೀನು ಹೇಳಿದ್ದೇ ಸರಿ."

ಎಲ್ಲರಿಗೂ ಹಗುರವಾಗಬೇಕಾಗಿತ್ತು. ಬೆಳಗಿನಿಂದ ಆ ದೋಣಿಯಿಂದ ಮಾನವಾಗಿ ಇಳಿದರೆ ಸಾಕೆಂದು ಹರಸಿಕೊಂಡಿದ್ದ ಅಧ್ಯಕ್ಷರಿಗಂತೂ ಆಗಲೇಬೇಕಿತ್ತು. ಅವರನ್ನು ಯಾರೂ ಅಭಿಪ್ರಾಯ ಕೇಳಿರಲಿಲ್ಲ.

"ಮಾರಬೇಡಿ" ಎಂದರು.

"ಮಾವ, ನಿಮಗೆ ಬರಲ್ಲ ಅಂತ ನೀವೇ ಈಗ ಹೇಳಿದ್ರಲ್ಲ."

"ಬರಲ್ಲ. ಅದಕ್ಕೇ ಮಾರಬೇಡಿ ಅಂತಿರೋದು. ನನಗೆ ಕಣ್ಣಿದೆ, ಕಲಿಸೋಕೆ ಇವರಿದ್ದಾರೆ. ಕಲಿಯೋಕೆ ದೋಣಿ ಬೇಡವಾ?"

ತಮ್ಮ ಇಡೀ ಸಾರ್ವಜನಿಕ ಜೀವನದಲ್ಲಿ ಅವರು ಇಷ್ಟು ಚಿಕ್ಕ ಭಾಷಣವನ್ನು ಮಾಡಿದ್ದಿಲ್ಲ. ಮಗ ತಂದೆಯ ಕಡೆ ನೋಡಿದ. ಕಪ್ತಾನರು ದೋಣಿಯ ಹಗ್ಗವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು. ಬಿಡುವುದು ಮರೆತಿತ್ತೋ, ಮನಸ್ಸಿರಲಿಲ್ಲವೋ. ಮಗ ಬಹಳ ಹೊತ್ತು ಆ ಹಗ್ಗವನ್ನೇ ನೋಡಿದ.

"ಬಂದರಿನ ಒಳಗೇ," ಎಂದ ಕೊನೆಗೆ. "ನಾನೂ ದೋಣಿಯಲ್ಲಿದ್ದಾಗ ಮಾತ್ರ. ಮಾವ ಕಲಿಯೋವರೆಗೆ ಮಾರಲ್ಲ. ಕಲಿತ ಮೇಲೆ ಕೂತು ಯೋಚನೆ ಮಾಡೋಣ." ಆಮೇಲೆ ತಂದೆಯನ್ನು ಕೇಳಿದ. "ಇವರು ಕಲಿಯೋಕೆ ಎಷ್ಟು ದಿನ ಬೇಕಾಗಬಹುದು ಅಪ್ಪ?"

ಕಪ್ತಾನರು ಅಧ್ಯಕ್ಷರಿದ್ದ ಕಡೆಗೆ ಮುಖ ತಿರುಗಿಸಿ, ತುಂಬ ಗಂಭೀರವಾಗಿ ಯೋಚಿಸಿದರು.

"ಶುದ್ಧ ದಡ್ಡರು," ಎಂದರು. "ವರ್ಷಗಟ್ಟಲೆ ಬೇಕು."

ಹೆಂಡತಿ ತಕ್ಷಣ ಸಾಕ್ಷಿ ನುಡಿದರು. "ಅದು ನಿಜ. ಮದುವೆಯಾದಾಗಿನಿಂದ ನೋಡ್ತಿದ್ದೀನಿ, ಏನು ಹೇಳಿಕೊಟ್ರೂ ಇವರ ತಲೆಗೆ ಹೋಗಲ್ಲ."

ಸಭೆಯಲ್ಲಿ ಯಾರಾದರೂ ಸ್ವಲ್ಪ ಕೆಮ್ಮಿದರೂ ಅವಮಾನವಾಯಿತೆಂದು ರಾಜೀನಾಮೆ ಬರೆಯುತ್ತಿದ್ದ ನಮ್ಮ ಅಧ್ಯಕ್ಷರು, ಮುಖವೆಲ್ಲ ಅರಳಿ ತಲೆಯಾಡಿಸಿದರು.

"ಇನ್ನೂ ಜಾಸ್ತಿನೇ ಬೇಕಾಗಬಹುದು" ಎಂದರು.